ಬೇ. ಚಿರಾಗ್

ಮಾನ್ವಿ
20 ಜನವರಿ 2025

ಶ್ರೀಮತಿ ಜಬೀನ್ ಅವರಿಗೆ,

ನಾನು ವಿಶಾಖಾ, ಹನ್ನೊಂದೊಲಿ ದೊಡ್ಡಿಯ ಸೂಗಪ್ಪನ ಮೊಮ್ಮಗಳು. ರಾಯಚೂರಿನಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮಾಡುವಾಗ ಎರಡು ವರ್ಷ ನಿಮ್ಮ ಪಕ್ಕದಲ್ಲೇ ಕೂತವಳು. ಇಪ್ಪತ್ತನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಕೇಳುವ ಸಲಿಗೆ ನಮ್ಮಿಬ್ಬರಲ್ಲಿ ಉಳಿದಿಲ್ಲವಾದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ದೊಡ್ಡಿಯನ್ನು ಕಂದಾಯ ಗ್ರಾಮ ಮಾಡಲು ಹೊರಟಿದ್ದಾರೆ. ಎಪ್ಪತ್ತು ವರ್ಷದಿಂದ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದರೂ ಸರ್ಕಾರದ ನಕ್ಷೆಯಲ್ಲಿ ನಾವಿಲ್ಲ. ಈಗ ಊರಿಗೊಂದು ಹೆಸರು ಬರುತ್ತದೆ, ಅರವತ್ತೆರಡು ಮನೆಗಳಿಗೆ ಹಕ್ಕುಪತ್ರ ಬರುತ್ತದೆ. ಊರಿನ ಚರಿತ್ರೆ ಮತ್ತು ಎಲ್ಲೆಕಟ್ಟು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೇ ತಿಂಗಳ ಕೊನೆಯವರೆಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಒಂದು ತಕರಾರು ಬಿದ್ದರೂ ಎಲ್ಲ ನಿಂತುಹೋಗುತ್ತದೆ.

ಹಾಕಬಲ್ಲವರು ಯಾರೆಂದು ನಿಮಗೂ ಗೊತ್ತು. ನಮ್ಮ ಹಳೆಯ ಉರ್ದು ಕಾಗದದ ಕನ್ನಡ ನಕಲಿನಲ್ಲಿ ಜಮೀನಿನ ಎದುರಿಗೆ ‘ಬೇ. ಚಿರಾಗ್’ ಎಂದಿದೆ. ರಾಯಚೂರಿನಲ್ಲಿ ನಿಮ್ಮ ಓಣಿಯಾದ ಬೇರೂನ್ ಕಿಲ್ಲಾದ ಚಿರಾಗ್ ಪಾಷಾ, ಅಂದರೆ ನಿಮ್ಮ ಚಾಚಾ. ಅರ್ಜಿ ಬರೆದುಕೊಡಿ ಎಂದು ನಂಬಿ ಹೋದ ಜನರ ಭೂಮಿಯನ್ನು ನಿಮ್ಮ ದಾದಾ ಅಮೀರ್ ಸಾಬರು ತಮ್ಮ ಮಗನ ಹೆಸರಿಗೆ ಬರೆಸಿದರು. ಹಳೆಯದನ್ನು ಕೆದಕುವುದಿಲ್ಲ. ಜೊತೆಗಿರುವ ಪತ್ರದಲ್ಲಿ ‘ಈ ಜಮೀನಿನ ಮೇಲಿನ ನನ್ನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ’ ಎಂಬ ಸಾಲಿನ ಕೆಳಗೆ ಅವರ ಸಹಿ ಹಾಕಿಸಿ ಕಳಿಸಿದರೆ ಸಾಕು.

ಫೋನ್ ಯಾಕೆ ಮಾಡಲಿಲ್ಲ ಎಂದುಕೊಳ್ಳಬೇಡಿ. ನಮ್ಮ ಸಮಿತಿಯ ಸಂಜೀವಣ್ಣ, ನನ್ನ ದೊಡ್ಡಪ್ಪನ ಮಗ, ಹೇಳಿದ್ದು ಇಷ್ಟೇ: “ಫೋನಿನ್ಯಾಗ ಆಡಿದ್ದು ಗಾಳಿಗಿ ಹೋಗ್ತದ. ಏನಿದ್ರೂ ಕಾಗದದ ಮ್ಯಾಲ ಇರ್ಲಿ.”

ಇತಿ,
ವಿಶಾಖಾ


ರಾಯಚೂರು
6 ಫೆಬ್ರವರಿ 2025

ವಿಶಾಖಾ ಮೇಡಂ ಅವರಿಗೆ ಸಲಾಂ,

ನಿಮ್ಮ ರಿಜಿಸ್ಟರ್ ಲಕೋಟೆ ನೋಡಿ ಚಾಚಾ ಕೋರ್ಟಿನ ನೋಟೀಸು ಎಂದುಕೊಂಡರು. ಎಪ್ಪತ್ತರ ಮನುಷ್ಯ. ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದಾರೆ. ಅವರ ಹೆಸರಿನಲ್ಲಿ ಒಂದು ಗುಂಟೆ ಜಾಗವಿದ್ದಿದ್ದರೆ ಇಷ್ಟು ಹೊತ್ತಿಗೆ ಸ್ವಂತ ಬಾಗಿಲಿನ ಅಂಗಡಿ ಇರುತ್ತಿತ್ತು.

ಸಹಿ ಮಾಡುವುದಿಲ್ಲವಂತೆ. “ಬಿಟ್ಟುಕೊಟ್ಟೀನಿ ಅಂತ ಬರದ್ರ ಹಿಡಕೊಂಡಿದ್ದೆ ಅಂದಂಗ ಆತಲ್ಲ ಬೇಟಾ,” ಎಂದರು. ಸತ್ತ ಅಪ್ಪನನ್ನು ಮಗನ ಕೈಯಿಂದಲೇ ಕಳ್ಳ ಎಂದು ಬರೆಸುವ ಉಪಾಯ ಚೆನ್ನಾಗಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನನಗೆ ಗೊತ್ತಿರುವುದು ಒಂದೇ ದಿನ. 2001ರ ಮೇ. ನಿಮ್ಮ ಊರಿನವರು ಹೇಳಿಕಳಿಸಿದರು ಎಂದು ದಾದಾ ಖುಷಿಯಿಂದಲೇ ಹೋದರು. ಹೋಗುವಾಗ ನಿಮ್ಮ ಅಜ್ಜಿ ಮೂಕಮ್ಮನಿಗೆ ಎಂದು ಅರ್ಧ ಸೇರು ಖರ್ಜೂರ ಕಟ್ಟಿಸಿಕೊಂಡಿದ್ದರು. ತಿರುಗಿ ಬಂದಾಗ ಖರ್ಜೂರ ಕೈಯಲ್ಲೇ ಇತ್ತು. ಹೊಸ್ತಿಲಲ್ಲಿ ನಿಂತಲ್ಲೇ ಎರಡು ತಂಬಿಗೆ ನೀರು ಕುಡಿದರು. ಏನಾಯಿತು ಎಂದರೆ “ಬಿಸಿಲು” ಎಂದರು. ಮರುವರ್ಷ ತೀರಿಕೊಳ್ಳುವವರೆಗೂ ನಿಮ್ಮ ದೊಡ್ಡಿಯ ಹೆಸರೆತ್ತಲಿಲ್ಲ. ನನ್ನ ಮದುವೆಯ ಕಾರ್ಡಿಗೆ ನೀವೂ ಉತ್ತರ ಬರೆಯಲಿಲ್ಲ.

ಆ ಉರ್ದು ಕಾಗದ ನಿಮ್ಮ ಹತ್ತಿರ ಇದೆಯಲ್ಲ? ಕನ್ನಡ ನಕಲು ಬೇಡ. ಮೂಲದ ಝೆರಾಕ್ಸ್ ಕಳಿಸಿ. ನಾನು ಉರ್ದು ಶಾಲೆಯ ಟೀಚರ್, ಓದಲು ಬರುತ್ತದೆ.

ಜಬೀನ್


ಮಾನ್ವಿ
17 ಫೆಬ್ರವರಿ 2025

ಜಬೀನ್ ಅವರಿಗೆ,

ಮೂಲದ ಝೆರಾಕ್ಸ್ ಯಾಕೆ ಬೇಕು ಎಂದು ಸಮಿತಿಯಲ್ಲಿ ಒಂದು ಗಂಟೆ ಚರ್ಚೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆದರೂ ಕಳಿಸುತ್ತಿದ್ದೇನೆ. ನಾನು ಬರೆದ ಚರಿತ್ರೆಯ ಒಂದು ಹಾಳೆಯೂ ಜೊತೆಗಿದೆ. ನಾವು ಯಾರ ಸ್ವತ್ತನ್ನೂ ಕಿತ್ತುಕೊಂಡವರಲ್ಲ ಎಂದು ನಿಮಗೆ ತಿಳಿದಿರಲಿ.

‘1955ರ ಬೇಸಿಗೆಯಲ್ಲಿ ಹನ್ನೊಂದು ಕುಟುಂಬಗಳು ಹಳೆಯ ಊರು ಬಿಟ್ಟವು. ಕಾರಣ ಬಾವಿ. ಊರ ಬಾವಿಗೆ ನಮ್ಮ ಕೊಡ ಇಳಿಯುವಂತಿರಲಿಲ್ಲ. ಯಾರಾದರೂ ಸೇದಿ ಮೇಲಿಂದ ಸುರಿಯುವವರೆಗೆ ಹೆಂಗಸರು ಬಿಸಿಲಲ್ಲಿ ನಿಂತಿರಬೇಕಿತ್ತು. ಸೂಗಪ್ಪನ ತಾಯಿ ಹಾಗೆ ನಿಂತಲ್ಲೇ ಬಿದ್ದು ಸತ್ತಳು. ಮೂರನೇ ದಿನ ಒಲೆಯ ಕಲ್ಲುಗಳನ್ನೂ ಕಿತ್ತು ಗಾಡಿಗೆ ಹಾಕಿಕೊಂಡು ಹೊರಟರು. ಗಬ್ಬೂರಿನಿಂದ ನಾಲ್ಕು ಮೈಲಿ ದೂರದ ಈ ಕಲ್ಲುದಿಬ್ಬದಲ್ಲಿ ಆಗ ಜಾಲಿ, ಮುರಿದ ಗೋಡೆ, ತೋಳ ಬಿಟ್ಟರೆ ಏನೂ ಇರಲಿಲ್ಲ. ಪೂರ್ವಕ್ಕೆ ಕರಿಬಂಡೆ, ಪಡುವಣಕ್ಕೆ ಹಳ್ಳ, ಬಡಗಣಕ್ಕೆ ಎರೆಹೊಲ, ತೆಂಕಣಕ್ಕೆ ಗಬ್ಬೂರಿನ ದಾರಿ. ದಾರಿಯ ತಲೆಗೆ ಬೇವಿನ ಮರ. ಮೊದಲು ತೋಡಿದ್ದು ಬಾವಿ, ಆಮೇಲೆ ಹಾಕಿದ್ದು ಗುಡಿಸಲು. ಇಂದಿಗೂ ಸಂಜೆ ಯಾವ ಮನೆಯಲ್ಲೂ ದೀಪ ಹಚ್ಚುವ ಮೊದಲು ಬೇವಿನ ಮರಕ್ಕೆ ಒಂದು ಕಂದೀಲು ಕಟ್ಟುತ್ತಾರೆ. ಯಾಕೆ ಎಂದು ಕೇಳಿದರೆ ಪದ್ಧತಿ ಎನ್ನುತ್ತಾರೆ. ಬೀದಿದೀಪ ಬಂದ ಮೇಲೂ ಬಿಟ್ಟಿಲ್ಲ.’

ಕಾಲುವೆಯ ನೀರು ಬಂದ ಮೇಲೆ ಆ ಕಲ್ಲುದಿಬ್ಬಕ್ಕೂ ಬೆಲೆ ಬಂದಿದೆ. ಬೆಲೆ ಬಂದ ಮೇಲೆ ಎಲ್ಲರಿಗೂ ಹಳೆಯ ಕಾಗದ ನೆನಪಾಗುತ್ತದೆ. ಈ ಮಾತು ನಿಮಗೆ ಎಂದೇ ಬರೆದಿದ್ದೇನೆ.

ವಿಶಾಖಾ


ರಾಯಚೂರು
1 ಮಾರ್ಚ್ 2025

ವಿಶಾಖಾ ಮೇಡಂ,

ನಾಳೆಯಿಂದ ರೋಜಾ ಶುರುವಾಗಬಹುದು. ಉಪವಾಸ ಹಿಡಿದು ಸಿಟ್ಟು ಮಾಡಬಾರದಂತೆ, ಅದಕ್ಕೆ ಇವತ್ತೇ ಮಾಡಿ ಮುಗಿಸುತ್ತೇನೆ.

ನೀವು ಕಳಿಸಿದ್ದು ಅರ್ಧ ಕಾಗದ. ಕೆಳಗಿನ ಭಾಗವನ್ನು ಮಡಚಿ ಝೆರಾಕ್ಸ್ ಮಾಡಿಸಿದ್ದೀರಿ. ಮಡಿಕೆಯ ಗೆರೆ ಕಪ್ಪಗೆ ಎದ್ದು ಕಾಣುತ್ತದೆ. ಮೂವತ್ತು ಮಕ್ಕಳ ಕಾಪಿ ಹಿಡಿಯುವ ಟೀಚರಿಗೆ ಇಷ್ಟೂ ತಿಳಿಯುವುದಿಲ್ಲವೇ? ಅಡಗಿಸಿದ ಸಾಲುಗಳಲ್ಲಿ ಏನಿದೆ ಎಂದು ನಿಮಗೇ ಗೊತ್ತಿಲ್ಲ, ನಾನು ನೋಡಬಾರದು ಎಂದು ಮಾತ್ರ ಗೊತ್ತು. ಮುಚ್ಚಿದ ಪಾತ್ರೆಯಲ್ಲಿ ಹಾಲಿದೆಯೋ ವಿಷವಿದೆಯೋ ನೋಡದೆ ಕಾವಲು ಕೂತಿದ್ದೀರಿ.

ಮೇಲಿನ ಅರ್ಧ ಓದಿದೆ. ಒಂದು ಅನುಮಾನ ಬಂದಿದೆ, ಈಗಲೇ ಹೇಳುವುದಿಲ್ಲ. ಹೇಳಿದರೆ ನೀವು ನಂಬುವುದಿಲ್ಲ. ಕೆಳಗಿನ ಅರ್ಧ ನೋಡದೆ ಕಥೆ ಕಟ್ಟಿದಳು ಎನ್ನುತ್ತೀರಿ. ಪೂರ್ತಿ ಕಾಗದ ಕಳಿಸಿ. ಇಲ್ಲವಾದರೆ ಇದೇ ನನ್ನ ಕೊನೆಯ ಪತ್ರ. ಮೇ ಮೂವತ್ತೊಂದರವರೆಗೆ ನೀವು ಹೆದರಿಕೊಂಡೇ ಇರಿ.

ನಿಮ್ಮ ಚರಿತ್ರೆಯಲ್ಲಿ ಹನ್ನೊಂದು ಮನೆ ಇದೆ, ತೋಳ ಇದೆ, ಕರಿಬಂಡೆ ಇದೆ. ಅರ್ಜಿ ಬರೆದವನ ಹೆಸರು ಮಾತ್ರ ಇಲ್ಲ. ನಿಮ್ಮ ಬಾವಿಗೆ ನೀರು ಬಂದ ದಿನ ಹೊರಗಿನವರಲ್ಲಿ ಮೊದಲು ಕುಡಿದವರು ತಾನು ಎಂದು ದಾದಾ ಮನೆತುಂಬ ಹೇಳಿಕೊಂಡು ತಿರುಗುತ್ತಿದ್ದರು.

ಜಬೀನ್


ಮಾನ್ವಿ
10 ಮಾರ್ಚ್ 2025

ಜಬೀನ್ ಅವರಿಗೆ,

ಪೂರ್ತಿ ಕಾಗದದ ಝೆರಾಕ್ಸ್ ಇದರ ಜೊತೆಗಿದೆ, ಎರಡೂ ಬದಿಯದು. ಸಮಿತಿಗೆ ಹೇಳಿಲ್ಲ. ಈ ಸಲ ಅಜ್ಜಿಯ ಟ್ರಂಕಿನಿಂದ ನಾನೇ ತೆಗೆದೆ. ಅಜ್ಜಿ ನೋಡಿದಳು.

ಇದನ್ನು ಉಪಯೋಗಿಸಿ ನೀವು ತಕರಾರು ಹಾಕಿದರೆ ಅರವತ್ತೆರಡು ಮನೆಯವರು ನನ್ನನ್ನು ಜೀವಸಹಿತ ಬಿಡುವುದಿಲ್ಲ. ಓದಿದ್ದನ್ನು ಓದಿದ ಹಾಗೆ ಬರೆಯಿರಿ, ಒಂದಕ್ಷರ ಹೆಚ್ಚುಕಡಿಮೆ ಮಾಡಬೇಡಿ. ಬೇರೆಯವರ ಕೈಯಲ್ಲೂ ಓದಿಸುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ವಿಶಾಖಾ


ರಾಯಚೂರು
24 ಮಾರ್ಚ್ 2025

ವಿಶಾಖಾ,

ಇನ್ನು ಮೇಡಂ, ರೀ, ಎಲ್ಲ ಸಾಕು. ಕೂತು ಓದು.

ಇದು ಚಿರಾಗ್ ಎಂಬ ಮನುಷ್ಯನ ಹೆಸರೇ ಅಲ್ಲ. ಇದು ಒಂದೇ ಶಬ್ದ: ಬೇಚಿರಾಗ್. ಚಿರಾಗ್ ಎಂದರೆ ದೀಪ. ಬೇಚಿರಾಗ್ ಎಂದರೆ ದೀಪವಿಲ್ಲದ್ದು. ಜನ ಬಿಟ್ಟುಹೋದ, ಯಾರೂ ವಾಸವಿಲ್ಲದ ಊರಿಗೆ ನಿಜಾಮರ ಕಾಲದ ದಫ್ತರದಲ್ಲಿ ಹಾಗೆ ಬರೆಯುತ್ತಿದ್ದರು. ನಿಮ್ಮ ಚರಿತ್ರೆಯಲ್ಲಿ ಮುರಿದ ಗೋಡೆ ಇದೆಯಲ್ಲ, ಅದು ನಿಮಗಿಂತ ಮೊದಲು ಅಲ್ಲಿದ್ದು ಪಾಳುಬಿದ್ದ ಊರಿನದು.

ಈಗ ನೀನು ಮಡಚಿ ಮುಚ್ಚಿದ್ದ ಕೆಳಗಿನ ಅರ್ಧ. ಅಕ್ಷರಕ್ಕೆ ಅಕ್ಷರ ಕನ್ನಡ ಮಾಡಿದ್ದೇನೆ:

‘ಅಮೀರ್ ಸಾಬ್ ಬರೆದ, ಸೂಗಪ್ಪನ ಹೆಬ್ಬೆಟ್ಟಿರುವ ಅರ್ಜಿಯ ಮೇರೆಗೆ ಸ್ಥಳಕ್ಕೆ ಹೋಗಿ ನೋಡಲಾಯಿತು. ಹನ್ನೊಂದು ಒಲೆಗಳು ಉರಿಯುತ್ತಿವೆ. ಬಾವಿಯಲ್ಲಿ ನೀರಿದೆ. ದಾರಿಯ ಬೇವಿನ ಮರಕ್ಕೆ ಕಂದೀಲು ಹಚ್ಚಿದ್ದು ದೂರದಿಂದ ಕಂಡಿತು. ಆದ್ದರಿಂದ ಈ ಗ್ರಾಮವನ್ನು ಇನ್ನು ಬೇಚಿರಾಗ್ ಎನ್ನತಕ್ಕದ್ದಲ್ಲ. ಸದರಿ ಹನ್ನೊಂದು ಕುಟುಂಬಗಳ ವಾಸವನ್ನು ದಾಖಲಿಸತಕ್ಕದ್ದು.’

ತಾರೀಖು 1955ರ ನವೆಂಬರ್. ಮರುವರ್ಷ ರಾಜ್ಯವೇ ಬದಲಾಯಿತು, ಕಾಗದ ದಫ್ತರಕ್ಕೆ ಏರದೆ ನಿಮ್ಮ ಟ್ರಂಕಿನಲ್ಲೇ ಉಳಿಯಿತು. ನೀವು ಎಪ್ಪತ್ತು ವರ್ಷದಿಂದ ಅಲ್ಲಿದ್ದೀರಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಇಲ್ಲ. ಅದನ್ನೇ ನನ್ನಿಂದ ಅಡಗಿಸಿ ಇಟ್ಟಿದ್ದೆ.

ಚಾಚಾ ಹುಟ್ಟಿದ್ದು ಅದೇ ನವೆಂಬರಿನಲ್ಲಿ. ನಿಮ್ಮ ಊರಿಗೆ ದೀಪ ಬಂದ ತಿಂಗಳು ಹುಟ್ಟಿದ ಮಗನಿಗೆ ದಾದಾ ಚಿರಾಗ್ ಎಂದು ಹೆಸರಿಟ್ಟರು. ಇದನ್ನು ನನ್ನ ಅಬ್ಬಾ ಹೇಳುತ್ತಿದ್ದರು. ಯಾವ ಊರು, ಯಾವ ದೀಪ ಎಂದು ನಾನು ಕೇಳಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಮೂಲದಲ್ಲಿ ‘ಬೇ’ ಆದ ಮೇಲೆ ಚುಕ್ಕಿ ಇಲ್ಲ. ಉರ್ದುವಿನ ‘ಬೇ’ ಅಕ್ಷರಕ್ಕೆ ಕೆಳಗೆ ಒಂದು ಚುಕ್ಕಿ ಇರುತ್ತದೆ ನಿಜ, ಆದರೆ ಅದು ಇನಿಷಿಯಲ್ಲಿನ ಚುಕ್ಕಿಯಲ್ಲ. ನಿಮ್ಮ ಕನ್ನಡ ನಕಲಿನಲ್ಲಿ ಪಕ್ಕಕ್ಕೆ ಚುಕ್ಕಿ ಬಿದ್ದು, ದೀಪವಿಲ್ಲದ ಊರು ಬೇರೂನ್ ಕಿಲ್ಲಾದ ಚಿರಾಗ್ ಆಗಿದೆ. ನಿಮ್ಮ ದೊಡ್ಡಿಯ ಮುದುಕರಿಗೆ ನಮ್ಮ ಮನೆ ಬೇರೂನ್ ಕಿಲ್ಲಾದಲ್ಲಿರುವುದು ಹೇಗೆ ಗೊತ್ತು? ಆ ಮುದುಕರಿಗೆ ದಾದಾ ಎಂದರೆ ಗಬ್ಬೂರಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ ಅಮೀರ್ ಸಾಬ್ ಮಾತ್ರ. ಆ ಚುಕ್ಕಿ ಇಟ್ಟವರು ಯಾರು?

ಜಬೀನ್


ಮಾನ್ವಿ
27 ಏಪ್ರಿಲ್ 2025

ಜಬೀನ್,

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಮೊದಲು ನಿನ್ನನ್ನು ನಂಬಲಿಲ್ಲ. ಇಲ್ಲೇ ಮಾನ್ವಿಯಲ್ಲಿ ನಿವೃತ್ತ ಟೀಚರ್ ಶಹಜಾದಿ ಬೇಗಂ ಇದ್ದಾರೆ. ನಿನ್ನ ಅನುವಾದ ತೋರಿಸದೆ ಮೂಲವನ್ನು ಅವರ ಮುಂದಿಟ್ಟೆ. ಓದಿ ಮುಗಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಯಾರವ್ವಾ ಈ ಅರ್ಜಿ ಬರದ ಅಮೀರ್ ಸಾಬ್? ಪುಣ್ಯವಂತ ಇರಬೇಕು,” ಎಂದರು. ಅಕ್ಷರವೂ ವ್ಯತ್ಯಾಸವಿಲ್ಲ. ಕಂದಾಯದವರು ‘ಬೇಚರಾಕ್ ಗ್ರಾಮ’ ಎನ್ನುವುದನ್ನು ನಾನೇ ನೂರು ಸಲ ಕೇಳಿದ್ದೇನೆ. ಅದೂ ಇದೂ ಒಂದೇ ಎಂದು ಹೊಳೆಯಲೇ ಇಲ್ಲ.

ಆ ಚುಕ್ಕಿ ನನ್ನದು.

2001ರ ಬೇಸಿಗೆ. ಕಾಲುವೆ ಬರುತ್ತದೆ ಎಂಬ ಸುದ್ದಿಗೆ ತಾತ ಟ್ರಂಕಿನಿಂದ ಕಾಗದ ತೆಗೆಸಿದ. ಉರ್ದು ಬಲ್ಲ ಮುದುಕರೊಬ್ಬರನ್ನು ಕರೆತಂದರು. ಅವರ ಕಣ್ಣು ಮಂಜು. ಮೇಲಿನ ನಾಲ್ಕು ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು, ಕೆಳಗಿನದು ಮಾಸಿದೆ ಎಂದು ಬಿಟ್ಟರು. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. “ಬೇ... ಚಿರಾಗ್,” ಎಂದರು, ನಡುವೆ ಉಸಿರು ತೆಗೆದುಕೊಂಡು. ದೊಡ್ಡಿಯವರಲ್ಲಿ ನಿಮ್ಮ ಮನೆಗೆ ಬಂದವಳು, ಚಾಚಾನ ಕೈಯಿಂದ ಗಡಿಯಾರ ರಿಪೇರಿ ಮಾಡಿಸಿಕೊಂಡವಳು, ನಿಮ್ಮ ಓಣಿಯ ಹೆಸರು ಬಲ್ಲವಳು ನಾನೊಬ್ಬಳೇ. ಚುಕ್ಕಿ ಇಟ್ಟೆ. “ಇದು ಜಬೀನ್‌ನ ಚಾಚಾ, ಬೇರೂನ್ ಕಿಲ್ಲಾದವರು,” ಎಂದು ತಾತನಿಗೆ ಹೇಳಿದವಳೂ ನಾನೇ. ಬುದ್ಧಿವಂತೆ ಎಂದು ಬೆನ್ನು ತಟ್ಟಿದರು.

ನಿನ್ನ ದಾದಾ ಬಂದರು. ಬೇವಿನ ಮರದ ಕೆಳಗೆ ಹತ್ತು ಜನ ಕೂತಿದ್ದರು. “ಬೇ ಚಿರಾಗ್ ಅಂದ್ರ ಯಾರ್ರಿ ಸಾಬ್ರೆ?” ಎಂದು ತಾತ ಕೇಳಿದ. ತಮಾಷೆ ಎಂದುಕೊಂಡು ಅವರು ನಕ್ಕರು. “ಗೊತ್ತಿಲ್ಲೇನ್ರಿ? ನನ್ನ ಮಗ ಅದರಾಗಿಂದೇ ಬಂದಾನಲ್ರಿ!” ಎಂದರು. ಮಗನಿಗೆ ಆ ಹೆಸರು ಬಂದ ಕಥೆ ಹೇಳಲು ಯಾರೂ ಬಿಡಲಿಲ್ಲ. ಒಪ್ಪಿಕೊಂಡ, ಒಪ್ಪಿಕೊಂಡ ಎಂದು ಎಲ್ಲರೂ ಎದ್ದು ನಿಂತರು. ನಾನು ತಂಬಿಗೆಯಲ್ಲಿ ನೀರು ತಂದಿದ್ದೆ. ಅವರು ಕೈ ಚಾಚಿದ್ದರು. ತಾತ ನನ್ನ ಕಡೆ ತಿರುಗಿ, “ಒಳಗ ನಡಿ,” ಎಂದ. ನಾನು ತಂಬಿಗೆ ಹಿಡಿದುಕೊಂಡು ಒಳಗೆ ಹೋದೆ.

ನೀರು ಕೊಡಲಿಲ್ಲ ಎಂದು ಊರು ಬಿಟ್ಟು ಬಂದವರು ನಾವು. ಮೇ ತಿಂಗಳ ಬಿಸಿಲಲ್ಲಿ, ನಮ್ಮ ಬಾವಿಗೆ ಕಾಗದ ಮಾಡಿಕೊಟ್ಟ ಎಪ್ಪತ್ತಾರರ ಮುದುಕನನ್ನು ನೀರು ಕೊಡದೆ ಕಳಿಸಿದೆವು. ಗಬ್ಬೂರಿನವರೆಗೆ ಅವರು ನಡೆದೇ ಹೋದರಂತೆ. ಎರಡು ತಂಬಿಗೆ ಎಂದು ನೀನು ಬರೆದ ಸಾಲನ್ನು ಈಗ ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ. ನಿನ್ನ ಮದುವೆಗೆ ಬರಲು ಮುಖವಿರಲಿಲ್ಲ. ಆಮೇಲೆ ಅವರನ್ನು ಕಳ್ಳರು ಎಂದು ನಂಬುವುದೇ ಸುಲಭವಾಯಿತು.

ಸಮಿತಿಗೆ ಎಲ್ಲ ಹೇಳಿದ್ದೇನೆ. ಚಾಚಾನ ಸಹಿ ಬೇಡ. ಊರಿನ ಹೆಸರಿನ ಜಗಳ ನಡೆದಿದೆ. ‘ಸೂಗಪ್ಪನ ದೊಡ್ಡಿ’ ಎಂದು ಮೊದಲೇ ಬರೆದಿದ್ದರು. ಅಜ್ಜಿ ‘ಚಿರಾಗದೊಡ್ಡಿ’ ಆಗಬೇಕು ಎಂದು ಹಟ ಹಿಡಿದಿದ್ದಾಳೆ. ನಿನಗೊಂದು ಕಾಗದವನ್ನೂ ಬರೆಸಿದ್ದಾಳೆ, ಇದರೊಳಗೇ ಇಟ್ಟಿದ್ದೇನೆ.

ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ. ಆದರೂ ಕ್ಷಮಿಸು.

ವಿಶಾಖಾ


ಹನ್ನೊಂದೊಲಿ ದೊಡ್ಡಿ
26 ಏಪ್ರಿಲ್ 2025

ಜಬೀನವ್ವಾ,

ನಾ ಮೂಕಮ್ಮ ಹೇಳಾಕತ್ತೀನಿ, ಸಂಜೀವ ಬರಿಯಾಕತ್ತಾನ. ಅಂವ ನಡುವ ಏನರ ನುಂಗ್ಯಾನು ಅಂತ ಬರದಿದ್ದೆಲ್ಲಾ ಮತ್ತ ಓದ್ಸಿ ಕೇಳಾಕತ್ತೀನಿ.

ಆ ಕಂದೀಲು ನಿಮ್ಮ ದಾದಾ ರಾಯಚೂರಾಗಿಂದ ತಂದಿದ್ದು. ನಾ ಆವಾಗ ಹದಿನೈದರ ಹುಡುಗಿ, ಹೊಸಾ ಸೊಸಿ. “ತಂಗಿ, ಸರ್ಕಾರದ ಬುಕ್ಕಿನ್ಯಾಗ ನಿಮ್ಮ ಊರು ಬೇಚಿರಾಗ್ ಅದ, ದೀಪ ಇಲ್ಲದ ಊರು. ಸಾಹೇಬ್ರು ಬಂದು ನೋಡೋ ತನಕ ದಿನಾ ಸಂಜಿಗಿ ಮರಕ್ಕ ಹಚ್ಚು,” ಅಂದ್ರು. ಸಾಹೇಬ್ರು ಬಂದ್ರು, ನೋಡಿ ಹೋದ್ರು. ಇನ್ ಸಾಕು, ಬಂದ್ ಮಾಡು ಅಂತ ನಂಗ ಯಾರೂ ಹೇಳ್ಲಿಲ್ಲ. ಅದಕ್ಕ ಇನ್ನಾ ಹಚ್ಚಾಕತ್ತೀನಿ.

ಅವತ್ತು ಗಂಡಸ್ರು ಮರದ ಕೆಳಗ ಕುಂತು ಬೇಚಿರಾಗ್ ಬೇಚಿರಾಗ್ ಅಂತ ಬಡದಾಡೋವಾಗ ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ. ಯಾರ ಬಂದಾರ, ಏನ್ ಜಗಳ ಅಂತ ನಂಗ ಹೇಳ್ಲಿಲ್ಲ. ಆ ಮಾತಿನ ಅರ್ಥ ಊರಾಗ ನನಗೊಬ್ಬಾಕಿಗೇ ಗೊತ್ತಿತ್ತು. ಇಪ್ಪತ್ತನಾಲ್ಕು ವರ್ಷದಾಗ ಒಬ್ರೂ ನನ್ನ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದೆ.

ನಿಮ್ಮ ಚಾಚಾನ ಕರಕೊಂಡು ಬಾ ಯವ್ವಾ. ನಂಗ ಎಂಬತ್ತೈದು. ಕಂದೀಲು ಕಟ್ಟಾಕ ಕೈ ಎತ್ತಾಕ ಆಗವಲ್ದು.

ಮೂಕಮ್ಮ (ಹೆಬ್ಬೆಟ್ಟು)


ರಾಯಚೂರು
6 ಮೇ 2025

ವಿಶಾಖಾ,

ನಿನ್ನ ಪತ್ರವನ್ನು ಮೂರು ದಿನ ಯಾರಿಗೂ ತೋರಿಸಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ನನ್ನ ಮನೆಯಲ್ಲಿ ಉಂಡು, ನನ್ನ ಓಣಿಯ ಹೆಸರು ಕಲಿತು, ಅದನ್ನೇ ತಂದು ದಾದಾನ ಕೊರಳಿಗೆ ಹಾಕಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ನಾಲ್ಕನೇ ದಿನ ಅಂಗಡಿಗೆ ಹೋಗಿ ಚಾಚಾನಿಗೆ ಓದಿ ಹೇಳಿದೆ. ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಕೇಳಿಸಿಕೊಂಡರು. “ಅಬ್ಬಾಗೆ ಪಾನಿ ಕೊಡ್ಲಿಲ್ಲಾ?” ಎಂದು ಕೇಳಿದರು. ಇಲ್ಲ ಎಂದೆ. ಯಾವುದೋ ಗಡಿಯಾರಕ್ಕೆ ಕೀಲಿ ಕೊಡತೊಡಗಿದರು.

ಊರಿಗೆ ಚಾಚಾನ ಹೆಸರು ಇಡಬೇಡಿ. ಇನ್ನೈವತ್ತು ವರ್ಷಕ್ಕೆ ನಿಮ್ಮ ಮೊಮ್ಮಕ್ಕಳಲ್ಲಿ ಯಾರೋ ಬುದ್ಧಿವಂತರು ಹುಟ್ಟಿ, ಚಿರಾಗ್ ಪಾಷಾನ ವಂಶದವರು ಜಾಗ ಕೇಳಲು ಬಂದಾರು ಎಂದು ನಮ್ಮ ಮಕ್ಕಳ ಮೇಲೆ ಸಂಶಯ ಪಡುತ್ತಾರೆ. ಹನ್ನೊಂದೊಲಿ ದೊಡ್ಡಿ ಎಂದೇ ಇರಲಿ. ಚರಿತ್ರೆಯಲ್ಲಿ ಅರ್ಜಿ ಬರೆದವನ ಹೆಸರು ಸೇರಿಸು. ನೀರು ಕೊಡದೆ ಕಳಿಸಿದ್ದನ್ನೂ ಸೇರಿಸು. ಬಾವಿಯ ಕಥೆ ಬರೆದ ಹಾಳೆಯಲ್ಲೇ ಅದೂ ಇರಬೇಕು.

ಸೋಮವಾರ, ಹನ್ನೆರಡನೇ ತಾರೀಖು, ಬುದ್ಧ ಪೂರ್ಣಿಮೆ; ನನಗೂ ಬೇಸಿಗೆ ರಜೆ. ಮೂಕಮ್ಮಜ್ಜಿ ಕರೆದಿದ್ದಾರೆ ಎಂದು ಬರುತ್ತೇವೆ, ನಿನಗಾಗಿ ಅಲ್ಲ. ಗಬ್ಬೂರಿನಲ್ಲಿ ಬಸ್ಸಿಳಿದು, ಆಟೋ ಬೇಡ, ನಡೆದೇ ಬರುತ್ತೇನೆ ಎಂದು ಚಾಚಾ ಹೇಳಿದ್ದಾರೆ. ಈ ವಯಸ್ಸಿನಲ್ಲಿ, ಈ ಬಿಸಿಲಿನಲ್ಲಿ ಬೇಡ ಎಂದರೂ ಕೇಳುತ್ತಿಲ್ಲ. ಕುಡಿಯುವ ನೀರಿನ ಬಾಟಲಿಯನ್ನು ಚೀಲದಲ್ಲಿ ಇಟ್ಟರೆ ತೆಗೆದು ಆಚೆ ಇಡುತ್ತಾರೆ.

ಬೇವಿನ ಮರದವರೆಗೆ ಬಂದು ನಿಲ್ಲುತ್ತೇವೆ. ಅಲ್ಲಿಂದ ಮುಂದಕ್ಕೆ ನಮ್ಮಷ್ಟಕ್ಕೆ ನಾವು ಕಾಲಿಡುವುದಿಲ್ಲ. ನೀನು ತಂಬಿಗೆ ಹಿಡಿದುಕೊಂಡು ಹೊರಗೆ ಬರುತ್ತೀಯೋ ಇಲ್ಲವೋ ಎಂದು ನನಗೆ ಇನ್ನೂ ಅನುಮಾನವಿದೆ.

ಜಬೀನ್